ಡೀಸೆಲ್ಲೋ ಪೆಟ್ರೋಲೋ? ಮೈಲೇಜ್ ಕೇಳುವ ಮೊದಲು ಉಸಿರಿನ ಲೆಕ್ಕ ಹಾಕಿ



ದಸರಾ, ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಕನ್ನಡ ಸಂಘಗಳ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಹೊಸ ಕಾರು ತಗೋಬೇಕು ಅಂತಿದ್ದೀವಿ. ಡೀಸೆಲ್ ಒಳ್ಳೇದಾ, ಪೆಟ್ರೋಲ್ ಒಳ್ಳೇದಾ?" ಕೇಳಿದ ಐದು ನಿಮಿಷಕ್ಕೆ ಇಪ್ಪತ್ತು ಉತ್ತರ. ಒಬ್ಬರು ಮೈಲೇಜ್ ಅನ್ನುತ್ತಾರೆ, ಇನ್ನೊಬ್ಬರು ಪಿಕಪ್ ಅನ್ನುತ್ತಾರೆ, ಮತ್ತೊಬ್ಬರು ಮಾರುವಾಗ ಎಷ್ಟು ಬರುತ್ತದೆ ಎಂದು ಲೆಕ್ಕ ಕೊಡುತ್ತಾರೆ. ಆ ಕಾರಿನ ಹೊಗೆ ಯಾರ ಎದೆಗೆ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆರೋಗ್ಯದ ಮಾಲಿಕೆಯಲ್ಲಿ ಕಾರಿನ ಮಾತು ಯಾಕೆ ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆಗೆ ಊಟ ಹೇಗೋ, ಶ್ವಾಸಕೋಶಕ್ಕೆ ನಾವು ಓಡಿಸುವ ಗಾಡಿಯೂ ಹಾಗೆಯೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ನೆಲೆಸಿರುವ ಹೆಚ್ಚಿನ ಕನ್ನಡ ಕುಟುಂಬಗಳಿಗೆ ಡೀಸೆಲ್ ಕಾರು ಬೇಡ. ಪೆಟ್ರೋಲ್ ಸಾಕು, ಸಾಧ್ಯವಿದ್ದರೆ ಸಿಎನ್‌ಜಿ ಇನ್ನೂ ಒಳ್ಳೆಯದು. ಡೀಸೆಲ್ ಕಾರು ಕೆಟ್ಟದ್ದೆಂದು ಈ ಮಾತು ಹೇಳುತ್ತಿಲ್ಲ. ನಾವು ಅದನ್ನು ಕೊಳ್ಳುವ ಕಾರಣ ಒಂದು, ಓಡಿಸುವ ರಸ್ತೆ ಇನ್ನೊಂದು. ತೊಂದರೆ ಇರುವುದು ಅಲ್ಲಿ.

ಕಾರಣ ಏನು? ಊರು. ಶೋರೂಮಿಗೆ ಹೋಗುವ ಹಿಂದಿನ ದಿನ ಮಾವನವರೋ ದೊಡ್ಡಪ್ಪನವರೋ ಫೋನ್ ಮಾಡಿ ಹೇಳುತ್ತಾರೆ: "ಡೀಸೆಲ್ಲೇ ತಗೊಳ್ಳಪ್ಪ, ಊರಿಗೆ ಬರೋಕೆ ಗಟ್ಟಿ ಗಾಡಿ ಬೇಕು." ಮಾತು ಸುಳ್ಳಲ್ಲ. ಮುಂಬೈನಿಂದ ಮಂಗಳೂರಿಗೆ ಸುಮಾರು 900 ಕಿಲೋಮೀಟರ್. ಪುಣೆಯಿಂದ ಹುಬ್ಬಳ್ಳಿಗೆ 430ರ ಆಸುಪಾಸು. ಐದು ಜನ, ಸಾಮಾನು, ಎಸಿ, ಘಾಟಿ ರಸ್ತೆ. ಡೀಸೆಲ್ ಎಂಜಿನ್ ಅಲ್ಲಿ ನಿಜಕ್ಕೂ ಸುಖ.

ಆದರೆ ಕ್ಯಾಲೆಂಡರ್ ತೆಗೆದು ಎಣಿಸಿ ನೋಡಿ. ವರ್ಷಕ್ಕೆ ಎರಡು ಸಲ ಊರಿಗೆ ಹೋದರೂ ಹೆದ್ದಾರಿಯ ಮೇಲಿರುವ ದಿನ ಆರೋ ಏಳೋ. ಉಳಿದ ದಿನಗಳಲ್ಲಿ ಆ ಕಾರು ಏನು ಮಾಡುತ್ತದೆ? ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡುತ್ತದೆ, ಎರಡು ಕಿಲೋಮೀಟರ್. ರೈಲ್ವೆ ಸ್ಟೇಷನ್ನಿಗೆ ಬಿಡುತ್ತದೆ, ಮೂರು ಕಿಲೋಮೀಟರ್. ಭಾನುವಾರ ತರಕಾರಿ ಮಾರ್ಕೆಟ್, ದೇವಸ್ಥಾನ, ಸಂಘದ ಕಾರ್ಯಕ್ರಮ. ಸಿಗ್ನಲ್ಲಿನಲ್ಲಿ ನಿಂತು ನಿಂತು ಹೋಗುವ ದಾರಿ. ಏಳು ದಿನದ ರಸ್ತೆ ನೋಡಿ ಎಂಜಿನ್ ಆರಿಸುತ್ತೇವೆ, ಉಳಿದ ಮುನ್ನೂರೈವತ್ತಕ್ಕೂ ಹೆಚ್ಚು ದಿನ ಅದರ ಹೊಗೆಯೊಂದಿಗೆ ಬದುಕುತ್ತೇವೆ.

ಈಗ ಹೊಗೆಯ ವಿಷಯಕ್ಕೆ ಬರೋಣ. 2012ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು ಮೊದಲನೇ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿರುವ ವಸ್ತುಗಳ ಗುಂಪು ಅದು. ತಂಬಾಕು, ಆಸ್ಬೆಸ್ಟಾಸ್ ಇರುವುದೂ ಅದೇ ಪಟ್ಟಿಯಲ್ಲಿ. ಪೆಟ್ರೋಲ್ ಎಂಜಿನ್ನಿನ ಹೊಗೆಯನ್ನು ಆಗ ಅದಕ್ಕಿಂತ ಕೆಳಗಿನ, "ಇರಬಹುದು" ಎನ್ನುವ ಗುಂಪಿನಲ್ಲಿ ಇಟ್ಟರು. ಈ ತೀರ್ಮಾನಕ್ಕೆ ದೊಡ್ಡ ಆಧಾರವಾದದ್ದು ಅಮೆರಿಕದ ಎಂಟು ಗಣಿಗಳಲ್ಲಿ ಡೀಸೆಲ್ ಯಂತ್ರಗಳ ನಡುವೆ ಕೆಲಸ ಮಾಡಿದ ಹನ್ನೆರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಅಧ್ಯಯನ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ, ಏಕೆಂದರೆ ಫಾರ್ವರ್ಡ್ ಆಗುವ ಸಂದೇಶಗಳಲ್ಲಿ ಹೆದರಿಸುವುದೇ ಜಾಸ್ತಿ. ಆ ಕಾರ್ಮಿಕರು ವರ್ಷಗಟ್ಟಲೆ ನೆಲದಡಿಯಲ್ಲಿ, ಹಳೆಯ ಎಂಜಿನ್‌ಗಳ ದಟ್ಟ ಹೊಗೆಯಲ್ಲಿ ದುಡಿದವರು. ನಿಮ್ಮ ಪಕ್ಕದ ಮನೆಯವರ ಡೀಸೆಲ್ ಕಾರಿನಿಂದ ನಾಳೆಯೇ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ನಮ್ಮ ಮನೆಗಳಿಗೆ ಅದಕ್ಕಿಂತ ಹತ್ತಿರದ ಅಪಾಯಗಳೆಂದರೆ ಉಬ್ಬಸ ಮತ್ತು ಹೃದಯ.

ಡೀಸೆಲ್ ಮಸಿಯ ಕಣಗಳು ಎಷ್ಟು ಸಣ್ಣವೆಂದರೆ ಹೆಚ್ಚಿನವು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನಮ್ಮ ತಲೆಗೂದಲು ಐವತ್ತರಿಂದ ಎಪ್ಪತ್ತು ಮೈಕ್ರಾನ್ ದಪ್ಪ. ಮೂಗಿನ ಕೂದಲಿಗೆ, ಗಂಟಲಿನ ಕಫಕ್ಕೆ ಈ ಕಣ ಸಿಗುವುದಿಲ್ಲ. ನೇರ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುತ್ತದೆ, ಅತಿ ಸಣ್ಣ ಕಣಗಳು ಅಲ್ಲಿಂದ ರಕ್ತಕ್ಕೂ ಸೇರಬಲ್ಲವು. ರಕ್ತನಾಳದ ಒಳಗೋಡೆ ಕೆರಳುತ್ತದೆ, ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ. ಮೊದಲೇ ಬಿಪಿ, ಸಕ್ಕರೆ ಇರುವವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಜೊತೆಗೆ ಬರುವ ನೈಟ್ರೋಜನ್ ಆಕ್ಸೈಡ್‌ಗಳು ಶ್ವಾಸನಾಳವನ್ನು ಕೆರಳಿಸುತ್ತವೆ. ಬಿಸಿಲಿನಲ್ಲಿ ಅವೇ ಓಜೋನ್ ಆಗಿ ಮಾರ್ಪಡುತ್ತವೆ, ಉಬ್ಬಸದವರಿಗೆ ಅದು ಇನ್ನೊಂದು ಪೆಟ್ಟು.

ಮಕ್ಕಳು ದೊಡ್ಡವರಿಗಿಂತ ವೇಗವಾಗಿ ಉಸಿರಾಡುತ್ತಾರೆ, ತೂಕಕ್ಕೆ ಹೋಲಿಸಿದರೆ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಅವರ ಮೂಗು ಇರುವ ಎತ್ತರವೂ ಸೈಲೆನ್ಸರಿಗೆ ಹತ್ತಿರ. ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗನ್ನೇ ನೋಡಿ. ಸಂಜೆ ಮಕ್ಕಳು ಸೈಕಲ್ ಹೊಡೆಯುವುದು ಅಲ್ಲಿ, ಬ್ಯಾಡ್ಮಿಂಟನ್ ಆಡುವುದು ಅಲ್ಲಿ, ವಾಚ್‌ಮನ್ ಕುಟುಂಬ ಮಲಗುವುದೂ ಎಷ್ಟೋ ಕಡೆ ಅಲ್ಲೇ ಮೂಲೆಯಲ್ಲಿ. ಎಸಿ ತಣ್ಣಗಾಗಲಿ ಎಂದು ನಾವು ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದೂ ಅಲ್ಲೇ. ಊರಿನಿಂದ ಬಂದ ಅಪ್ಪ ಅಮ್ಮ ಬೆಳಿಗ್ಗೆ ವಾಕಿಂಗ್ ಶುರು ಮಾಡುವುದೂ ಅದೇ ಗೇಟಿನಿಂದ. "ಇಲ್ಲಿಗೆ ಬಂದಾಗಿಂದ ಕೆಮ್ಮು ಬಿಡ್ತಾನೇ ಇಲ್ಲ ಕಣೋ" ಎಂದು ಅವರು ಹೇಳಿದರೆ ನೀರು ಬದಲಾದದ್ದಕ್ಕೆ ಎಂದು ಸುಮ್ಮನಾಗಬೇಡಿ.

ಹಾಗಾದರೆ ಪೆಟ್ರೋಲ್ ಪವಿತ್ರವೇ? ಖಂಡಿತ ಇಲ್ಲ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಅದೂ ಕ್ಯಾನ್ಸರ್ ತರುವ ವಸ್ತುವೇ. ಪಂಪಿನಲ್ಲಿ ಇಂಧನ ಹಾಕಿಸುವಾಗ ಕಿಟಕಿ ಇಳಿಸಿ ಆ ವಾಸನೆ ಎಳೆದುಕೊಳ್ಳುವ ಮಕ್ಕಳಿದ್ದಾರೆ, ಕಿಟಕಿ ಏರಿಸಿ. ಪೆಟ್ರೋಲ್ ಎಂಜಿನ್ ಡೀಸೆಲ್ಲಿಗಿಂತ ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಾತ್ರಿ ಪ್ರಯಾಣದಲ್ಲಿ ದಾರಿಬದಿ ನಿಲ್ಲಿಸಿ, ಎಸಿ ಹಾಕಿಕೊಂಡು, ಗಾಜು ಮುಚ್ಚಿ ಎಲ್ಲರೂ ನಿದ್ದೆ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ದಯವಿಟ್ಟು ಬೇಡ. ಸೈಲೆನ್ಸರ್ ಪೈಪಿನಲ್ಲಿ ಎಲ್ಲೋ ಸೋರಿಕೆಯಿದ್ದರೆ ಆ ನಿದ್ದೆಯಿಂದ ಏಳುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದೂ ಅಷ್ಟೇ ಅಪಾಯ. ಇದು ಡೀಸೆಲ್ಲಿಗೂ ಅನ್ವಯಿಸುತ್ತದೆ, ಪೆಟ್ರೋಲಿಗೆ ಇನ್ನೂ ಹೆಚ್ಚು.

ಇಷ್ಟು ಹೇಳಿದಾಗ ಕಾರಿನ ವಿಷಯ ತಿಳಿದವರು ಒಂದು ಆಕ್ಷೇಪ ಎತ್ತುತ್ತಾರೆ: "ಇದೆಲ್ಲ ಹಳೇ ಕಥೆ, ಈಗ ಬಿಎಸ್‌-6 ಬಂದಿದೆ." ಅವರ ಮಾತಿನಲ್ಲಿ ಸತ್ಯವಿದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್‌-6 ಜಾರಿಯಾಯಿತು. ಬಿಎಸ್‌-4 ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣಗಳನ್ನು ಬಿಡಬಹುದಿತ್ತು, ಈಗ 4.5 ಮಾತ್ರ. ನೈಟ್ರೋಜನ್ ಆಕ್ಸೈಡ್ ಮಿತಿ 250ರಿಂದ 80ಕ್ಕೆ ಇಳಿದಿದೆ, ಪೆಟ್ರೋಲಿನ ಮಿತಿ 60. ಇಂಧನದಲ್ಲಿರುವ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಬಂದಿದೆ. ಕಾಗದದ ಮೇಲೆ ಡೀಸೆಲ್ಲಿಗೂ ಪೆಟ್ರೋಲಿಗೂ ಅಂಥ ಅಂತರ ಉಳಿದಿಲ್ಲ.

ಆದರೆ ಆ 25 ಹೇಗೆ 4.5 ಆಯಿತು ಎಂಬುದನ್ನು ನೀವು ತಿಳಿದುಕೊಳ್ಳಬೇಕು. ಹೊಸ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಒಂದು ಜಾಲರಿ ಇರುತ್ತದೆ. ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಅಡುಗೆಮನೆಯ ಚಿಮಣಿಯ ಜಾಲರಿಗೆ ಜಿಡ್ಡು ತುಂಬಿದ ಹಾಗೆ ಇದಕ್ಕೂ ಮಸಿ ತುಂಬುತ್ತದೆ. ತುಂಬಿದ ಮಸಿಯನ್ನು ಕಾರೇ ಸುಟ್ಟು ಬೂದಿ ಮಾಡಿಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಿದರೆ ಆ ಶಾಖ ಸಲೀಸಾಗಿ ಬರುತ್ತದೆ. ಶಾಲೆಗೆ ಎರಡು ಕಿಲೋಮೀಟರ್ ಹೋಗಿ ಎಂಜಿನ್ ಆರಿಸಿದರೆ ಬರುವುದಿಲ್ಲ. ಸುಡಲು ಶುರು ಮಾಡಿ ಅರ್ಧಕ್ಕೇ ನಿಂತುಹೋಗುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಡೀಸೆಲ್ ಎಂಜಿನ್ ಆಯಿಲಿಗೆ ಬೆರೆಯುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತದೆ, ಪಿಕಪ್ ಕುಸಿಯುತ್ತದೆ, ಸರ್ವಿಸ್ ಸೆಂಟರ್ ಬಿಲ್ಲು ಬೆಳೆಯುತ್ತದೆ.

ಅದರ ಮುಂದಿನ ಹೆಜ್ಜೆಯೇ ನನಗೆ ಹೆದರಿಕೆ. ವಾರಂಟಿ ಮುಗಿದಿರುತ್ತದೆ, ಹೊಸ ಡಿಪಿಎಫ್ ದುಬಾರಿ. ಯಾರೋ ಮೆಕ್ಯಾನಿಕ್ ಹೇಳುತ್ತಾನೆ: "ಸಾರ್, ಒಳಗಿಂದು ತೆಗೆದುಬಿಡ್ತೀನಿ, ಸಾಫ್ಟ್‌ವೇರಲ್ಲಿ ಲೈಟ್ ಬರದ ಹಾಗೆ ಮಾಡ್ತೀನಿ, ಗಾಡಿ ಹಾರುತ್ತೆ." ಗಾಡಿ ಹಾರುತ್ತದೆ ನಿಜ. ಆ ದಿನದಿಂದ ನಿಮ್ಮ ಬಿಎಸ್‌-6 ಕಾರು ಹಳೆಯ ಕಾಲದ ಮಸಿ ಉಗುಳುವ ಗಾಡಿಯಾಗುತ್ತದೆ. ಕಾನೂನಿಗೂ ವಿರುದ್ಧ. ಆದರೂ ಪಿಯುಸಿ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಡೀಸೆಲ್ ಕಾರಿಗೆ ಆ ಪರೀಕ್ಷೆ ನೋಡುವುದು ಹೊಗೆ ಎಷ್ಟು ಕಪ್ಪಗಿದೆ ಎಂಬುದನ್ನು. ಕಣ್ಣಿಗೆ ಕಾಣದ ಕಣಗಳನ್ನು ಅದು ಎಣಿಸುವುದಿಲ್ಲ, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೂ ಇಲ್ಲ. ಪರೀಕ್ಷೆಯಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಎಂಬುದಕ್ಕೆ 2015ರ ಫೋಕ್ಸ್‌ವ್ಯಾಗನ್ ಪ್ರಕರಣ ನಿಮಗೆ ನೆನಪಿರಬಹುದು. ಪ್ರಯೋಗಾಲಯದಲ್ಲಿ ಶುದ್ಧವಾಗಿ ನಡೆದುಕೊಳ್ಳುವಂತೆ ಸಾಫ್ಟ್‌ವೇರ್ ಹಾಕಿದ್ದ ಡೀಸೆಲ್ ಕಾರುಗಳು ಪ್ರಪಂಚದಾದ್ಯಂತ ಸುಮಾರು ಒಂದು ಕೋಟಿ ಹತ್ತು ಲಕ್ಷ ಇದ್ದವು. ನಮ್ಮಲ್ಲೂ 2023ರ ಏಪ್ರಿಲ್‌ನಿಂದ ರಸ್ತೆಯ ಮೇಲೇ ಅಳೆಯುವ ನಿಯಮ ಬಂದಿದೆ, ಒಳ್ಳೆಯದಾಯಿತು.

ಆದ್ದರಿಂದ ಹೊಸ ಡೀಸೆಲ್ ಕಾರು ಶುದ್ಧವೇ ಎಂದು ಕೇಳಿದರೆ ನನ್ನ ಉತ್ತರ: ದಿನಾ ಹೆದ್ದಾರಿ ಹತ್ತುವವರ ಕೈಯಲ್ಲಿ ಹೌದು, ಬಹುಮಟ್ಟಿಗೆ. ವ್ಯಾಪಾರಕ್ಕಾಗಿ ವಾರಕ್ಕೆ ಎರಡು ಸಲ ಹೈದರಾಬಾದಿನಿಂದ ಕಲಬುರಗಿಗೆ ಹೋಗಿ ಬರುವವರು, ವರ್ಷಕ್ಕೆ ಇಪ್ಪತ್ತೈದು ಮೂವತ್ತು ಸಾವಿರ ಕಿಲೋಮೀಟರ್ ಓಡಿಸುವವರು ಡೀಸೆಲ್ ಕೊಂಡರೆ ನನ್ನ ತಕರಾರಿಲ್ಲ. ಥಾಣೆಯಲ್ಲಿ ಮನೆ, ಲೋಕಲ್ ರೈಲಿನಲ್ಲಿ ಆಫೀಸು, ಕಾರು ಶಾಲೆಗೆ ಮತ್ತು ಮಾಲಿಗೆ ಎನ್ನುವವರ ಕೈಯಲ್ಲಿ ಅದೇ ಕಾರು ಎರಡು ಮೂರು ವರ್ಷದಲ್ಲಿ ಉಸಿರುಕಟ್ಟುತ್ತದೆ.

ದುಡ್ಡಿನ ಲೆಕ್ಕ ಬೇಗ ಮುಗಿಸೋಣ, ಏಕೆಂದರೆ ಮನೆಯಲ್ಲಿ ಕೊನೆಗೆ ಗೆಲ್ಲುವುದು ಅದೇ. 2012ರಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಮೂವತ್ತು ರೂಪಾಯಿಯಷ್ಟು ಅಂತರವಿತ್ತು. ನಮ್ಮ ದೊಡ್ಡವರ ಸಲಹೆ ಆ ಕಾಲದ್ದು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ನಿಯಂತ್ರಣ ಬಿಟ್ಟಿತು. 2020ರ ಜೂನ್‌ನಲ್ಲಂತೂ ದೆಹಲಿಯಲ್ಲಿ ಕೆಲವು ದಿನ ಡೀಸೆಲ್ಲೇ ಪೆಟ್ರೋಲಿಗಿಂತ ದುಬಾರಿಯಾಗಿತ್ತು. ಮುಂಬೈಯಲ್ಲಿ ಪೆಟ್ರೋಲ್ 104, ಡೀಸೆಲ್ 90 ಎಂದಿಟ್ಟುಕೊಳ್ಳಿ. ಪೆಟ್ರೋಲ್ ಕಾರು ಲೀಟರಿಗೆ 15, ಡೀಸೆಲ್ 19 ಕಿಲೋಮೀಟರ್ ಕೊಟ್ಟರೆ, ಕಿಲೋಮೀಟರಿಗೆ ಉಳಿಯುವುದು ಸುಮಾರು 2 ರೂಪಾಯಿ 20 ಪೈಸೆ. ಊರಿನ ಪ್ರಯಾಣವೂ ಸೇರಿ ವರ್ಷಕ್ಕೆ 9,000 ಕಿಲೋಮೀಟರ್ ಓಡಿದರೆ ಇಪ್ಪತ್ತು ಸಾವಿರ ಉಳಿತಾಯ. ಡೀಸೆಲ್ ಮಾಡೆಲಿಗೆ ನೀವು ಒಂದೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರಲು ಏಳೂವರೆ ವರ್ಷ, ಸರ್ವಿಸ್ ಖರ್ಚು ಬೇರೆ. ನಿಮ್ಮೂರಿನ ಇವತ್ತಿನ ದರ, ನಿಮ್ಮ ಕಿಲೋಮೀಟರ್ ಹಾಕಿ ನೀವೇ ಲೆಕ್ಕ ಮಾಡಿ ನೋಡಿ. ಮಾರುತಿ ಸುಜುಕಿ 2020ರಲ್ಲಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿಬಿಟ್ಟಿತು. ಸಣ್ಣ ಕಾರಿಗೆ ಇಷ್ಟೆಲ್ಲ ಶುದ್ಧೀಕರಣದ ಸಾಮಾನು ಜೋಡಿಸಿದರೆ ಬೆಲೆ ಗಿಟ್ಟುವುದಿಲ್ಲ ಎಂದು ಕಂಪನಿಗೇ ಅರ್ಥವಾಗಿತ್ತು.

ದೆಹಲಿ, ಗುರುಗ್ರಾಮ, ನೋಯ್ಡಾದಲ್ಲಿರುವವರಿಗೆ ಬೇರೆ ಲೆಕ್ಕ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಓಡಿಸುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪೆಟ್ರೋಲಿಗೆ ಹದಿನೈದು ವರ್ಷ. 2025ರಲ್ಲಿ ಹಳೆಯ ಗಾಡಿಗಳಿಗೆ ಪಂಪಿನಲ್ಲಿ ಇಂಧನವನ್ನೇ ಹಾಕಬಾರದೆಂಬ ನಿಯಮ ಬಂತು, ಕೆಲವೇ ದಿನಗಳಲ್ಲಿ ನಿಂತೂ ಹೋಯಿತು, ವಿಷಯ ಮತ್ತೆ ಕೋರ್ಟಿಗೆ ಹೋಯಿತು. ನಿಯಮ ಹಿಂದೆ ಮುಂದೆ ಆಗುತ್ತಿರುತ್ತದೆ. ಚಳಿಗಾಲದಲ್ಲಿ ಗಾಳಿ ತೀರಾ ಕೆಟ್ಟಾಗ ಮೂರನೇ ಹಂತದ ನಿರ್ಬಂಧ ಬಂದರೆ ಬಿಎಸ್‌-4 ಡೀಸೆಲ್ ಕಾರುಗಳು ಮನೆಯಲ್ಲೇ ನಿಲ್ಲಬೇಕು. ಪೆಟ್ರೋಲಿನಲ್ಲಿ ಬಿಎಸ್‌-3ಕ್ಕೆ ಮಾತ್ರ ಆ ತಡೆ. ಅಲ್ಲಿನ ಇಂಧನ ದರದಲ್ಲಿ ಮೇಲಿನ ಲೆಕ್ಕ ಹಾಕಿದರೆ ಒಂದೂವರೆ ಲಕ್ಷ ವಾಪಸ್ ಬರಲು ಹತ್ತಿರ ಹತ್ತಿರ ಹತ್ತು ವರ್ಷವೇ ಬೇಕು. ಹತ್ತು ವರ್ಷದ ಆ ಮಿತಿ ಜಾರಿಯಲ್ಲಿದ್ದರೆ, ಅಸಲು ಕೈಸೇರುವ ಹೊತ್ತಿಗೆ ಗಾಡಿಯ ಆಯಸ್ಸೇ ಮುಗಿದಿರುತ್ತದೆ.

ಇನ್ನು ಸ್ವಲ್ಪ ಕಹಿಯಾದ ಮಾತು. ಅಲ್ಲಿ ಹತ್ತು ವರ್ಷ ತುಂಬಿದ ಕಾರನ್ನು ಏನು ಮಾಡುತ್ತೇವೆ? "ಎನ್‌ಒಸಿ ತಗೊಂಡು ಊರಿಗೆ ಕಳಿಸಿಬಿಡೋಣ, ಅಪ್ಪನ ಓಡಾಟಕ್ಕೆ ಆಗುತ್ತೆ." ಕೇಳಲು ಪ್ರೀತಿಯ ಮಾತೇ. ಕಾನೂನೂ ಅಡ್ಡ ಬರುವುದಿಲ್ಲ, ಕರ್ನಾಟಕದಲ್ಲಿ ಆ ಹತ್ತು ವರ್ಷದ ಮಿತಿ ಇಲ್ಲ. ಹನ್ನೆರಡು ತಿಂಗಳೊಳಗೆ ಆರ್‌ಟಿಒದಲ್ಲಿ ಮರು ನೋಂದಣಿ ಮಾಡಿಸಿ ರಸ್ತೆ ತೆರಿಗೆ ಕಟ್ಟಬೇಕು, ಅಷ್ಟೆ. ಆದರೆ ಯೋಚಿಸಿ. ದೆಹಲಿಯ ಮಕ್ಕಳ ಶ್ವಾಸಕೋಶಕ್ಕೆ ಬೇಡವೆಂದು ಕೋರ್ಟ್ ಹೊರಹಾಕಿದ ಹೊಗೆ, ಎಪ್ಪತ್ತು ದಾಟಿದ ನಮ್ಮ ಅಪ್ಪನ ಅಂಗಳಕ್ಕೆ ಹೇಗೆ ಸರಿಯಾಗುತ್ತದೆ? ಬಿಎಸ್‌-4 ಕಾಲದ ಹೆಚ್ಚಿನ ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಇಲ್ಲ. ಹಳ್ಳಿಯಲ್ಲಿ ಗಾಳಿ ಶುದ್ಧವಾಗಿದೆ, ಒಂದು ಕಾರಿನಿಂದ ಏನಾಗುತ್ತದೆ ಎನ್ನಬಹುದು. ಧಾರವಾಡದ ಓಣಿಯಲ್ಲೋ, ಉಡುಪಿಯ ಪೇಟೆಯಲ್ಲೋ, ಬೆಂಗಳೂರಿನ ಬಡಾವಣೆಯಲ್ಲೋ ಹೀಗೆ ಹೊರರಾಜ್ಯದಿಂದ ಬಂದ ಹಳೆಯ ಗಾಡಿ ಒಂದೇ ಇಲ್ಲ ಎಂಬುದು ನಿಮಗೂ ಗೊತ್ತು. ನನ್ನನ್ನು ಕೇಳಿದರೆ ಅಂಥ ಕಾರನ್ನು ಅಧಿಕೃತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಡಿ, ಅಪ್ಪನಿಗೆ ಒಂದು ಸಣ್ಣ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಕೊಡಿಸಿ. ಅಥವಾ ಆಟೋದವರ ಫೋನ್ ನಂಬರ್ ಬರೆದು ಗೋಡೆಗೆ ಅಂಟಿಸಿ, ಎಷ್ಟೋ ಹಿರಿಯರು ಅದನ್ನೇ ಇಷ್ಟಪಡುತ್ತಾರೆ.

ಸಿಎನ್‌ಜಿ ಬಗ್ಗೆ ಒಂದೆರಡು ಮಾತು. ಅದರ ಹೊಗೆಯಲ್ಲಿ ಮಸಿ ಇಲ್ಲವೆನ್ನುವಷ್ಟು ಕಡಿಮೆ. ದೆಹಲಿಯ ಬಸ್ಸುಗಳನ್ನು ಸುಪ್ರೀಂ ಕೋರ್ಟ್ ಸಿಎನ್‌ಜಿಗೆ ಬದಲಿಸಿದ್ದು ಇದೇ ಕಾರಣಕ್ಕೆ. ಸಿಎನ್‌ಜಿ ಸಿಗದ ದಾರಿಯಲ್ಲಿ ಈ ಕಾರುಗಳು ಪೆಟ್ರೋಲಿನಲ್ಲೇ ಓಡುತ್ತವೆ, ಊರಿನ ಪ್ರಯಾಣಕ್ಕೂ ಹೆದರಬೇಕಿಲ್ಲ. ಒಂದೇ ಕಷ್ಟವೆಂದರೆ ಡಿಕ್ಕಿಯಲ್ಲಿ ಸಿಲಿಂಡರ್ ಕೂತಿರುತ್ತದೆ. ಅಮ್ಮ ಕಟ್ಟಿಕೊಡುವ ತೆಂಗಿನಕಾಯಿ, ಹಪ್ಪಳದ ಡಬ್ಬ, ಅಕ್ಕಿ ಚೀಲ ಎಲ್ಲಿಡುವುದು ಎಂಬುದು ಸಣ್ಣ ಪ್ರಶ್ನೆಯಲ್ಲ! ಡಿಕ್ಕಿಯ ನೆಲದಡಿಯಲ್ಲಿ ಎರಡು ಸಣ್ಣ ಸಿಲಿಂಡರ್ ಇಡುವ ಮಾಡೆಲ್‌ಗಳೂ ಈಗ ಬಂದಿವೆ, ಶೋರೂಮಿನಲ್ಲಿ ಕೇಳಿ.

ಈಗಾಗಲೇ ಮನೆಯಲ್ಲಿ ಬಿಎಸ್‌-6 ಡೀಸೆಲ್ ಇದೆಯೇ? ಮಾರಲೇಬೇಕೆಂದಿಲ್ಲ. ವಾರಕ್ಕೊಮ್ಮೆ ಹೊರವರ್ತುಲ ರಸ್ತೆಗೋ ಹೆದ್ದಾರಿಗೋ ಹೋಗಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ. ಡಿಪಿಎಫ್ ದೀಪ ಕಂಡರೆ ಮುಂದೂಡಬೇಡಿ, ಅವತ್ತೇ ಓಡಿಸಿ ಅಥವಾ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ. ಜಾಲರಿ ತೆಗೆದುಬಿಡುತ್ತೇನೆ ಎನ್ನುವ ಮೆಕ್ಯಾನಿಕ್ಕಿಗೆ ಕೈಮುಗಿದು ಬನ್ನಿ. ಸಣ್ಣ ಓಡಾಟಕ್ಕೆ ಸ್ಕೂಟರೋ ಆಟೋವೋ ಬಳಸಿ, ಎರಡು ಕಿಲೋಮೀಟರಾದರೆ ನಡೆಯಿರಿ. ಯಾವ ಕಾರೇ ಆಗಲಿ, ಎಸಿಯ ಕ್ಯಾಬಿನ್ ಫಿಲ್ಟರನ್ನು ವರ್ಷಕ್ಕೊಮ್ಮೆ ಬದಲಿಸಿ. ಲಾರಿ ಬಸ್ಸುಗಳ ಹಿಂದೆ ಸಿಕ್ಕಿಹಾಕಿಕೊಂಡಾಗ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಆದರೆ ಕಾರಿನಲ್ಲಿ ನಾಲ್ಕೈದು ಜನ ಇದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಹೊರಗಿನ ಗಾಳಿ ಬಿಡಿ, ಇಲ್ಲವಾದರೆ ನಮ್ಮದೇ ಉಸಿರು ತುಂಬಿ ಓಡಿಸುವವರಿಗೆ ತೂಕಡಿಕೆ ಬರುತ್ತದೆ.

ಬುಕಿಂಗ್ ಮಾಡುವ ಮೊದಲು ಇನ್ನೊಂದು ಕೆಲಸ ಮಾಡಿ. ಈಗಿರುವ ಕಾರಿನ ಕಿಲೋಮೀಟರ್ ಮೀಟರನ್ನು ಇವತ್ತು ಬರೆದಿಟ್ಟು, ಊರಿಗೆ ಹೋಗದ ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಕಾರು ಇಲ್ಲದವರು ಒಂದು ತಿಂಗಳ ಆಟೋ, ಕ್ಯಾಬ್ ಓಡಾಟ ಲೆಕ್ಕ ಹಾಕಿ. ಆ ಅಂಕಿ 1,500 ದಾಟದಿದ್ದರೆ, ಮಾವನವರ ಫೋನ್ ಬಂದಾಗ ಏನು ಹೇಳಬೇಕೆಂದು ನಿಮಗೆ ಗೊತ್ತಿರುತ್ತದೆ.